ಪುಟದಂಚಿನ ಏಳು ಟಿಪ್ಪಣಿ

ಕಳೆದ ವರ್ಷ ಒಂದು ದಿನ ನನ್ನ ಲ್ಯಾಪ್‌ಟಾಪ್ ಕೆಲಸಕ್ಕೆ ಒಲ್ಲೆ ಎಂದಿತು. ಟೈಪ್ ಮಾಡುವ ಸಾಫ್ಟ್‌ವೇರ್‌ನ ಅವಧಿ ಮುಗಿದಿತ್ತು, ದುಡ್ಡು ಕಟ್ಟಿದರೆ ಮಾತ್ರ ಮುಂದಿನ ಮಾತು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಮುದ್ದೇಬಿಹಾಳದ ಬಾಡಿಗೆ ಮನೆಯಲ್ಲಿ ಬೈಸಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಲ್ಯಾಪ್‌ಟಾಪನ್ನೇ ಬೈದೆ.

ನಮ್ಮ ಶಾಲೆಯ ಕಂಪ್ಯೂಟರ್ ಮಾಸ್ತರರು ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳಿದರು. ಪುಕ್ಕಟೆ ಎಂದರೆ ನನಗೆ ಅನುಮಾನ. ಅವರು ನಕ್ಕು, ಮೊದಲು ಒಂದು ಹಳೆಯ ಕಡತ ತೆರೆದು ಅಕ್ಷರ ಸರಿಯಾಗಿ ಕೂಡುತ್ತವೆಯೇ ನೋಡಿರಿ ಎಂದರು. ಸೇವ್ ಮಾಡುವಾಗ ಯಾವ ನಮೂನೆ, ಅಂದರೆ ಫಾರ್ಮ್ಯಾಟ್, ಎಂದು ಅದು ಕೇಳುತ್ತದೆ, ಬೇರೆಯವರಿಗೆ ಕಳಿಸುವುದಿದ್ದರೆ ಹಳೆಯ ನಮೂನೆಯನ್ನೇ ಇಡಿರಿ, ಇಲ್ಲವಾದರೆ ಅವರಲ್ಲಿ ತೆರೆಯಲಿಕ್ಕಿಲ್ಲ ಎಂದೂ ಹೇಳಿದರು. ಒಂದು ಚೀಟಿಯಲ್ಲಿ ಬರೆದುಕೊಂಡೆ.

ಭಾನುವಾರ ಮೊಬೈಲ್ ನೆಟ್‌ನಿಂದಲೇ ಇಳಿಸಿಕೊಂಡೆ. ಎಲ್ಲ ಗುಂಡಿಗಳೂ ಜಾಗ ಬದಲಿಸಿದ್ದವು. ಬೇರೆಯವರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕಿದಂತೆ ಅರ್ಧ ತಾಸು ಹುಡುಕಿ, ಕೊನೆಗೆ ಪರೀಕ್ಷೆಗೆಂದು, ಮೊಬೈಲ್‌ನಲ್ಲೇ ಉಳಿದಿದ್ದ ನಮ್ಮ ಕತೆಪುಸ್ತಕದ ಕಡತವನ್ನು ಲ್ಯಾಪ್‌ಟಾಪಿಗೆ ತಂದೆ.

ನಮ್ಮ ಎಂದರೆ ಇಬ್ಬರದು. ನನಗಿಂತ ಆರು ವರ್ಷ ದೊಡ್ಡವರಾದ ಒಬ್ಬ ಶಿಕ್ಷಕಿ ಎಂಟು ವರ್ಷ ನನ್ನ ಜೊತೆ ಇದೇ ಶಾಲೆಯಲ್ಲಿದ್ದರು. ನನ್ನಂತೆಯೇ ಒಬ್ಬರೇ ಇರುವವರು. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಎನ್ನುವುದರಿಂದ, ಚಿಕ್ಕವಳಾದ ನನ್ನನ್ನೂ ಅವರು ಅಕ್ಕೋರ ಎಂದೇ ಕರೆಯುತ್ತಿದ್ದರು. ಒಂದನೇ ತರಗತಿಯ ಮಕ್ಕಳಿಗೆ ಅವರ ಮನೆಮಾತಿನಲ್ಲೇ ಚಿಕ್ಕ ಕತೆಗಳನ್ನು ಬರೆಯೋಣ ಎಂದು ಇಬ್ಬರೂ ಶುರು ಮಾಡಿದ್ದೆವು. ಅಷ್ಟರಲ್ಲಿ ಅವರಿಗೆ ಸಿಂದಗಿ ತಾಲ್ಲೂಕಿನ ದೇವಣಗಾಂವಕ್ಕೆ ವರ್ಗವಾಯಿತು. ಹೋದ ಮೇಲೆ ಅವರು ಕತೆಗಳನ್ನೆಲ್ಲ ತಿದ್ದಿ ಕಡತವನ್ನು ಮೊಬೈಲ್‌ಗೆ ಕಳಿಸಿದರು. ಶಾಲೆಗೆ ಹೋಗುವ ಬಸ್ಸಿನಲ್ಲೇ ಓದಿ ಮುಗಿಸಿ, 'ಓದಿದೆ, ಚಲೋ ಐತ್ರಿ' ಎಂದು ಉತ್ತರ ಹಾಕಿದೆ.

ಆಮೇಲೆ ಅವರ ಫೋನ್ ಕಡಿಮೆಯಾಯಿತು. ನಾನು ಮಾಡಿದರೆ 'ಆರಾಮ ಅದೀನಿ' ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೊಸ ಊರು, ಹೊಸ ಗೆಳತಿಯರು, ನಾನು ಬೇಡವಾದೆ ಎಂದುಕೊಂಡೆ. ನನಗೂ ಬಿಗುಮಾನ, ಎರಡು ವರ್ಷ ಫೋನ್ ಮಾಡಲಿಲ್ಲ. ಅವರಿಲ್ಲದೆ ಸಂಜೆಗಳು ಬಹಳ ಉದ್ದವಾಗಿದ್ದವು, ಅದನ್ನು ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಕಡತ ತೆರೆಯಿತು, ಆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅವರು ಬಳಸಿದ್ದ ಫಾಂಟ್ ನನ್ನಲ್ಲಿರಲಿಲ್ಲ. ಅದನ್ನು ಹುಡುಕಿ ಹಾಕಿದ ಮೇಲೆ ಅಕ್ಷರಗಳು ಸಾಲಾಗಿ ಕುಳಿತವು. ಪುಟದ ಬಲಗಡೆ ಮಾತ್ರ ಹಳದಿ ಚೌಕಗಳು ಉಳಿದುಕೊಂಡಿದ್ದವು. ಇದೂ ಫಾಂಟಿನ ತೊಂದರೆಯೇ ಎಂದು ಅಳಿಸಹೊರಟವಳು ಮೊದಲನೆಯದರ ಮೇಲೆ ಅವರ ಹೆಸರು ಕಂಡು ಕೈ ತೆಗೆದೆ.

ಅವು ಟಿಪ್ಪಣಿಗಳು, ಒಟ್ಟು ಏಳು. ನನ್ನ ಮೊಬೈಲ್ ಬರೀ ಕತೆಗಳನ್ನು ತೋರಿಸಿ ಇವನ್ನು ನುಂಗಿಬಿಟ್ಟಿತ್ತು. ಮೊದಲ ಮೂರು ಟಿಪ್ಪಣಿ ಕತೆಗೆ ಸಂಬಂಧಿಸಿದವು: ಇಲ್ಲಿ ಆಡು ಇರಲೋ ಕುರಿ ಇರಲೋ, ಈ ಸಾಲು ಮಕ್ಕಳಿಗೆ ಉದ್ದವಾಯಿತೇ. ನಾಲ್ಕನೆಯದರಿಂದ ಕತೆ ಬಿಟ್ಟು ತಮ್ಮ ವಿಷಯ ಬರೆದಿದ್ದರು. ಮನೆ ಊರಿನ ತುದಿಯಲ್ಲಿದೆ. ಶನಿವಾರ ಶಾಲೆ ಬಿಟ್ಟರೆ ಸೋಮವಾರದವರೆಗೆ ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ. ಜ್ವರ ಬಂದು ನಾಲ್ಕು ದಿನ ಮಲಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಏನನ್ನೂ ಎದುರಿಗೆ ಕೇಳದ ಹೆಂಗಸು ಅವರು. ನಮ್ಮ ಶಾಲೆಯಲ್ಲಿದ್ದಾಗಲೂ ಬೇಕಾದ್ದನ್ನು ನನ್ನ ಪಾಠಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಏಳನೆಯದು ಕೊನೆಯ ಪುಟದಲ್ಲಿತ್ತು: 'ಒಂದ ಐತವಾರ ಬಂದ ಹೋಗ್ರಿ ಅಕ್ಕೋರ. ಭಾಳ ಬ್ಯಾಸರಾಗೇತಿ.'

ಇದಕ್ಕೆ ನಾನು ಕೊಟ್ಟ ಉತ್ತರ, ಚಲೋ ಐತ್ರಿ.

ಬಿದ್ದೆನೋ ಎದ್ದೆನೋ ಎಂದು ಏಳು ಟಿಪ್ಪಣಿಗಳ ಕೆಳಗೂ ಉತ್ತರ ಬರೆದೆ. ಆಡೇ ಇರಲಿ ಎಂದೆ, ಜ್ವರಕ್ಕೆ ಯಾಕೆ ಫೋನ್ ಮಾಡಲಿಲ್ಲ ಎಂದು ಬೈದೆ, ಕೊನೆಯದಕ್ಕೆ ಭಾನುವಾರ ಬರುತ್ತೇನೆ ಎಂದೆ. ಸೇವ್ ಒತ್ತಿದಾಗ ಯಾವ ನಮೂನೆ ಎಂದು ಕೇಳಿತು. ಚೀಟಿ ನೋಡಿ ಹಳೆಯದನ್ನೇ ಇಟ್ಟೆ. ಕಳಿಸುವ ಹೊತ್ತಿಗೆ ಬುದ್ಧಿ ಬಂತು. ಅವರೂ ಇದನ್ನು ಮೊಬೈಲ್‌ನಲ್ಲೇ ತೆರೆದರೆ ನನ್ನ ಉತ್ತರಗಳೂ ಕಾಣುವುದಿಲ್ಲ. ಕಡತ ಬಿಟ್ಟು ಫೋನ್ ಮಾಡಿದೆ.

ಎತ್ತಿದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಮೊಬೈಲ್, ಟಿಪ್ಪಣಿ, ಇಂದು ಕಂಡದ್ದು. ಅವರು ಪೂರ್ತಿ ಕೇಳಿಸಿಕೊಂಡರು. ನೀವು ಓದಿಯೂ ಸುಮ್ಮನಾದಿರಿ ಎಂದು ತಿಳಿದಿದ್ದೆ ಎಂದಷ್ಟೇ ಹೇಳಿದರು. ಬರುವ ಭಾನುವಾರವೇ ಹೊರಡುತ್ತೇನೆ, ಸಿಂದಗಿಯಲ್ಲಿ ಬಸ್ ಬದಲಿಸಿ ಮಧ್ಯಾಹ್ನದೊಳಗೆ ಮುಟ್ಟುತ್ತೇನೆ ಎಂದೆ.

"ಬ್ಯಾಡ್ರಿ ಅಕ್ಕೋರ," ಎಂದರು. "ಆವಾಗ ಬೇಕಾಗಿತ್ರಿ. ಈಗ ರೂಢಿ ಆಗೇತಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂದೇ ಬಸ್ ಹತ್ತುತ್ತಿದ್ದೆ.