ಕುಯ್ಲಾದ ಹೊಲದ ಪ್ರಶ್ನೆ

ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಬಂಗಾರಪೇಟೆಯಲ್ಲಿ ಕೋಚಿಂಗ್‌ಗೆ ಸೇರಿದ್ದೆ. ಅಲ್ಲಿನ ಅಭ್ಯಾಸ ಪತ್ರಿಕೆಯಲ್ಲಿ ಮೇಲೊಂದು ನಿಯಮ ಕೊಟ್ಟು, ಅದರ ಕೆಳಗೆ ಪ್ರಶ್ನೆ ಕೇಳುತ್ತಿದ್ದರು. ಒಬ್ಬನ ಹಸು ಅನುಮತಿಯಿಲ್ಲದೆ ಇನ್ನೊಬ್ಬನ ಕುಯ್ಲಾದ ರಾಗಿ ಹೊಲದಲ್ಲಿ ಮೇಯ್ದರೆ ತಪ್ಪೇ ಎಂಬ ಪ್ರಶ್ನೆಗೆ, ತಪ್ಪಲ್ಲ ಎಂದು ಗುರುತು ಹಾಕಿದೆ. ನಮ್ಮ ಬೂದಿಕೋಟೆ ಕಡೆ ಕುಯ್ಲು ಮುಗಿದ ಹೊಲಕ್ಕೆ ಯಾರ ದನ ನುಗ್ಗಿದರೂ ಕೇಳುವವರಿಲ್ಲ.

"ಅನುಮತಿ ಬೇಕು ಅಂತ ನಿಯಮ ಮೇಲೇ ಬರ್ದೈತಲ್ಲಪ್ಪಾ. ಗೊತ್ತಿರಾದೆಲ್ಲ ಮರ್ತ್ ಬಾ, ಸೀಟ್ ಸಿಗ್ತೈತೆ" ಎಂದರು ಮೇಷ್ಟ್ರು.

ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತೆಂದರೆ ಕಥೆ ಒಪ್ಪವಾಗುತ್ತದೆ, ಬಂದ ನೆನಪಿಲ್ಲ. ಬಂದದ್ದಕ್ಕೆಲ್ಲ ಹೊಲವನ್ನೇ ಕಾಣದವನಂತೆ ಉತ್ತರಿಸಿದೆ. ಅಂಥವರನ್ನೇ ಹುಡುಕುತ್ತಿದ್ದರೇನೋ, ಸೀಟು ಸಿಕ್ಕಿತು.

ಅಮ್ಮನಿಗೆ ಆ ಪ್ರಶ್ನೆ ಹೇಳಿದೆ.

"ನಮ್ಮಸು ದಿನಾ ಮೇಯಲ್ವೇನ್ಲಾ? ಅದೂ ಕಳ್ಳೀನಾ?"

"ನಿಯಮದ ಪ್ರಕಾರ ಹೌದು" ಎಂದೆ.

ಅಮ್ಮ ನನ್ನ ಮುಂದಿದ್ದ ಹಾಲಿನ ಲೋಟ ಎಳೆದುಕೊಂಡಳು. "ಅಂಗಾದ್ರೆ ಕದ್ದ ಆಲು ನಿಂಗ್ಯಾಕ್ಲಾ?"