ಬೇರೆ ಒಲೆ ಹೂಡಿದ ಶಂಕ್ರಣ್ಣ

ಸ್ನೇಹಿತರೇ, ಚಿತ್ರದುರ್ಗದಲ್ಲಿ ನಾವು ಐದು ಮನೆಯವರು ಕೂಡಿ ಕಟ್ಟಿಸಿಕೊಂಡ ವಠಾರಕ್ಕೆ ಅಡುಗೆಮನೆ ಒಂದೇ. ಮುದ್ದೆ ಮೆತ್ತಗಾಯಿತೆಂದು ನಿನ್ನೆ ಅಡುಗೆಗೆ ನಿಂತಿದ್ದ ಜುಬೇದಕ್ಕನ ಮೇಲೆ ರೇಗಿದ ನಿವೃತ್ತ ಕಂಡಕ್ಟರ್ ಶಂಕ್ರಣ್ಣ, ಇವತ್ತು ತಮ್ಮ ಮನೆಯಲ್ಲೇ ಬೇರೆ ಒಲೆ ಹೂಡಿದರು. ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಾಗ ಅವರ ಜಾಗ ಖಾಲಿ.

ಸ್ವಲ್ಪ ಹೊತ್ತಿಗೆ ಅವರೇ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು.

"ಹೆಂಡ್ತಿ ಹೋದ ಮೇಲೆ ಇಲ್ಲಿಗೆ ಬಂದೆ. ಅವತ್ತಿಂದ ಒಬ್ನೇ ಕುಂತು ಉಂಡೇ ಇಲ್ಲ. ಗಂಟಲಾಗೆ ಇಳೀತಿಲ್ಲ ಕಣವ್ವ," ಅಂದರು.

ಜುಬೇದಕ್ಕ ಸರಿದು ಜಾಗ ಮಾಡಿದರು. "ಬರ್ರಿ ಶಂಕ್ರಣ್ಣ, ಕುಂತ್ಕಳ್ರಿ. ಸಾರು ಬಿಸಿ ಐತೆ."

ಎಲ್ಲರೂ ಹೊಟ್ಟೆತುಂಬ ಉಂಡೆವು. ಶಂಕ್ರಣ್ಣ ತಮ್ಮ ಹೊಸ ಒಲೆಯ ಮೇಲೆ ತಳ ಹಿಡಿಸಿದ ಪಾತ್ರೆಯನ್ನು ಯಾರು ತಿಕ್ಕಬೇಕೆಂದು ಈಗ ಜಗಳ ಶುರುವಾಗಿದೆ.