ಬಿಚ್ಚದ ಕಣ್ಣಿ

ನಮ್ಮ ಮನೆ ಇಚಲಕರಂಜಿಯಲ್ಲಿ, ಪಂಚಗಂಗೆಯ ದಂಡೆಗೆ ಹತ್ತಿರ. ಮುಂದೆ ಎರಡು ಮಗ್ಗ, ಹಿಂದೆ ಎಮ್ಮೆಯ ಕೊಟ್ಟಿಗೆ. ಕೊಟ್ಟಿಗೆಯ ಗೋಡೆಯ ಮೇಲೆ, ಮೊಣಕಾಲಿನಷ್ಟು ಎತ್ತರಕ್ಕೆ, ಅಜ್ಜ ಎಳೆದ ಕೆಮ್ಮಣ್ಣಿನ ಗೆರೆ ಇತ್ತು. ಅವನ ಕಾಲದ ದೊಡ್ಡ ಮಹಾಪೂರ ಅಲ್ಲಿಗೆ ನಿಂತಿತ್ತಂತೆ. ಹೊಳೆ ಏರಿದಾಗಲೆಲ್ಲ ನಾವು ಆ ಗೆರೆ ನೋಡುತ್ತಿದ್ದೆವು. ಮೊಬೈಲಿನ ಸುದ್ದಿಗಿಂತ ಸತ್ತ ಅಜ್ಜನ ಮಾತೇ ನಮಗೆ ಹೆಚ್ಚು.

ಒಂದು ವರ್ಷ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯೇ ಓಣಿಗೆ ನೀರು ಬಂತು. ಶಿರೋಳಿಯ ಫೌಂಡ್ರಿಗೆ ಪಾಳಿಗೆ ಹೋಗಿದ್ದ ಅಪ್ಪ, ರಸ್ತೆ ಬಂದಾಗಿ ಅಲ್ಲೇ ಉಳಿದಿದ್ದ. ನಮ್ಮನ್ನು ಕರೆದೊಯ್ಯಲು ಟ್ರಕ್ ಬಂತು. ಹತ್ತಿ ಕೂತ ಅವ್ವ ಅಲ್ಲಿಂದಲೇ ಹೇಳಿದಳು:

"ಎಮ್ಮಿ ಕಣ್ಣಿ ಬಿಚ್ಚಿ ಬಾರವ್ವಾ. ಈಸಿ ಎಲ್ಲ್ಯಾರ ದಂಡಿ ಹಿಡೀತೈತಿ."

ಮಹಾಪೂರ ಬಂದರೆ ದನಗಳ ಕೊರಳ ಹಗ್ಗ ಬಿಚ್ಚಿಬಿಡುವುದು ನಮ್ಮ ಕಡೆಯ ರೂಢಿ. ನಾನೋ ಮಹಾ ಬುದ್ಧಿವಂತೆ. ನೀರು ಗೆರೆಗಿಂತ ಗೇಣು ಕೆಳಗಿತ್ತು. ಬಿಟ್ಟರೆ ಎಮ್ಮೆ ಯಾರ ಪಾಲಾಗುತ್ತದೋ ಎಂದು ಕಣ್ಣಿಗೆ ಇನ್ನೊಂದು ಗಂಟು ಹಾಕಿ, ಮುಂದೆ ಕಬ್ಬಿನ ಸೋಗೆ ಹರವಿದೆ. ಅದು ನನ್ನ ಕೈ ನೆಕ್ಕಿತು.

ಕಬನೂರಿನ ಶಾಲೆಯೊಂದರಲ್ಲಿ ನಮ್ಮನ್ನು ಇಳಿಸಿದರು. "ಬಿಚ್ಚಿದೇನು?" ಎಂದು ಅವ್ವ ಕೇಳಿದಳು. ಎರಡು ದಿನದಲ್ಲಿ ಮರಳಿ ಹೋಗಿ ಎಮ್ಮೆಯನ್ನೇ ತೋರಿಸಿ ನಗಿಸಿದರಾಯಿತು ಎಂದುಕೊಂಡು "ಹೂಂ" ಎಂದೆ.

ನೀರು ಗೆರೆ ದಾಟಿತು, ಸೂರು ಮುಟ್ಟಿತು. ಅಜ್ಜನ ಕಾಲದಲ್ಲಿ ಹೊಳೆಗೆ ಹರಡಿಕೊಳ್ಳಲು ಬಯಲಿತ್ತು. ಆಮೇಲೆ ಆ ಬಯಲಿಗೆ ಮಣ್ಣು ತುಂಬಿ ಮನೆ ಕಟ್ಟಿದವರು ನಮ್ಮ ಊರಿನವರೇ. ಗೋಡೆಯ ಗೆರೆ ಮಾತ್ರ ಹಳೆಯ ಲೆಕ್ಕವನ್ನೇ ಹೇಳುತ್ತಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನೀರು ಇಳಿದ ಮೇಲೆ ಅವ್ವನನ್ನು ಶಾಲೆಯಲ್ಲೇ ಕೂರಿಸಿ ಒಬ್ಬಳೇ ಹೋದೆ. ಎಮ್ಮೆ ಗೂಟದ ಹತ್ತಿರವೇ ಸತ್ತು ಬಿದ್ದಿತ್ತು. ನಾನು ಹಾಕಿದ ಗಂಟು ಬಿಗಿದು ಹೋಗಿತ್ತು, ಕುಡುಗೋಲಿನಿಂದ ಕೊಯ್ದೆ. ಟ್ರ್ಯಾಕ್ಟರಿನವರು ಎಳೆದೊಯ್ದ ಮೇಲೆ ಕೆಸರಿನಲ್ಲಿ ಕೂತು ಅತ್ತೆ.

ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಹೊಳೆ ಹರಿದು ಹೋಗುವ ಕುರುಂದವಾಡದ ಕಡೆಯಿಂದ ಯಾರೇ ಬಂದರೂ "ಕ್ವಾಡು ಒಳಗ ಬಾಗಿದ್ದ ಎಮ್ಮಿ ನೋಡೀರೇನ್ರಿ?" ಎಂದು ಕೇಳುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ.

ಕಳೆದ ಮಳೆಗಾಲ ಹೊಳೆ ಮತ್ತೆ ತುಂಬಿತು. ತುಂಬಿದ ಹೊಳೆಗೆ ನಮ್ಮ ಹೆಂಗಸರು ಉಡಿ ತುಂಬುತ್ತಾರೆ, ತವರಿಗೆ ಬಂದ ಮಗಳಿಗೆ ತುಂಬಿದ ಹಾಗೆ. ಅವ್ವ ನನ್ನ ತೋಳು ಹಿಡಿದು ದಂಡೆಗೆ ಬಂದು, ಕುಪ್ಪಸದ ಕಣ, ತೆಂಗಿನಕಾಯಿ, ಹಸಿರು ಬಳೆ ನೀರಿಗೆ ಬಿಟ್ಟಳು.

"ನನ್ನ ಎಮ್ಮಿನ್ನ ದಂಡಿಗಿ ಹಚ್ಚಿದ್ಯಲ್ಲಾ ತಾಯಿ, ನಿನ್ನ ಉಪಕಾರ ಭಾಳ ಐತಿ" ಎಂದು ಕೈ ಮುಗಿದಳು. ನನಗೂ ಮುಗಿ ಎಂದಳು. ಮುಗಿದೆ.